ಎಂತ ಇಲ್ಲ, ಸ್ವಲ್ಪ ಮುಳುಗ್ತಾ ಉಂಟು

ಹೋದ ವಾರ ಭಾನುವಾರ ಬೆಳಗ್ಗೆ ಸೀತಾಂಗೋಳಿಯಲ್ಲಿ ನನ್ನ ಅಕ್ಕನ ಮನೆಯ ಬಾತ್‌ರೂಮ್ ಮುಳುಗಿತು.

ಮುಳುಗುವ ಮೊದಲು ಅದಕ್ಕೆ ಬೆಂಕಿಯೂ ಹತ್ತಿಕೊಂಡಿತ್ತು. ಒಳಗೆ ಇಪ್ಪತ್ತೆರಡು ಜನ. ಅವರೆಲ್ಲರ ಪರವಾಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ವಾಕಿಟಾಕಿಯಲ್ಲಿ ಸಹಾಯ ಬೇಡುತ್ತಿದ್ದವರು ನನ್ನ ಭಾವ. ಹೊರಗೆ ವಾಷಿಂಗ್ ಮೆಷಿನಿಗೆ ಒರಗಿ, ಚಾ ಕುಡಿಯುತ್ತಾ, ಅವರನ್ನು ಕಾಪಾಡಬೇಕಾಗಿದ್ದ ಕರಾವಳಿ ರಕ್ಷಣಾ ಕೇಂದ್ರ ನಾನು.

"ಐ ಆಮ್ ಸಿಂಕಿಂಗ್," ಎಂದರು ಭಾವ ಒಳಗಿನಿಂದ.

"ಬಿಡ್ತು ಅನ್ನು!" ಎಂದು ಅಡುಗೆಮನೆಯಿಂದ ಅವರ ಅಮ್ಮ ಕೂಗಿದರು. (ಸಿಂಕಿಂಗ್ ಅಂದರೆ ಎಂತ ಎಂದು ನನ್ನ ಹತ್ತಿರ ಮೊದಲೇ ಕೇಳಿ ತಿಳಿದುಕೊಂಡಿದ್ದರು. ಮಗನ ಬಾಯಲ್ಲಿ ಅಪಶಕುನ ಬಂದರೆ ಗೊತ್ತಾಗಬೇಕಲ್ಲ?)

"ಬಿಡ್ತು," ಎಂದರು ಭಾವ, ವಾಕಿಟಾಕಿಯಲ್ಲೇ. "ಓವರ್."

ಹೀಗಾದರೆ ಯಾವ ದೇಶದ ಹೆಲಿಕಾಪ್ಟರ್ ಬರುತ್ತದೆ, ನೀವೇ ಹೇಳಿ.

ಗಂಗಾಧರ ಭಾವನ ಗುರುತು ಇಲ್ಲದವರಿಗೆ ಹೇಳಿಬಿಡುತ್ತೇನೆ. ನನ್ನ ಅಕ್ಕ ವನಜಳ ಗಂಡ. ಸರಕು ಹಡಗಿನಲ್ಲಿ ಚೀಫ್ ಕುಕ್. (ಗಂಗೆಯನ್ನು ತಲೆಯಲ್ಲಿ ಹೊತ್ತವನ ಹೆಸರು ಇಟ್ಟುಕೊಂಡು ಸಮುದ್ರದ ಮೇಲೆ ಸಾಂಬಾರು ಮಾಡುವವರು.) ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹಡಗಿನವರಿಗೆ ಬರಗಾಲ ಇಲ್ಲ. ಗೇಟಿನಲ್ಲಿ ಲಂಗರಿನ ಚಿತ್ರ ಕಂಡರೆ ಅದು ಹಡಗಿನವರ ಮನೆ ಅಂತ ಲೆಕ್ಕ. ಅಕ್ಕನ ಮನೆಯ ಗೇಟಿನಲ್ಲೂ ಒಂದು ಉಂಟು. ಸೀತಾಂಗೋಳಿಯಿಂದ ಸಮುದ್ರ ಕಾಣುವುದಿಲ್ಲ, ಲಂಗರು ಮಾತ್ರ ಚೆನ್ನಾಗಿ ಕಾಣುತ್ತದೆ.

ಹಡಗಿನಲ್ಲಿ ದುಡಿಯುವವರು ಐದು ವರ್ಷಕ್ಕೊಮ್ಮೆ ಬದುಕಿ ಉಳಿಯುವುದು ಹೇಗೆ ಎಂದು ಮತ್ತೆ ಕಲಿಯಬೇಕು. ರಿಫ್ರೆಶರ್ ಕೋರ್ಸ್. ಕ್ಯಾಪ್ಟನಿಗೂ ಅದೇ, ಕುಕ್ಕಿಗೂ ಅದೇ. ಮನಿಲಾದಲ್ಲಿ ಕಲಿತರೂ ಅದೇ ಪಾಠ, ಕೊಚ್ಚಿಯಲ್ಲಿ ಕಲಿತರೂ ಅದೇ ಪಾಠ. ಲೈಫ್ ಜಾಕೆಟ್ ಹಾಕಿಕೊಂಡು ಎತ್ತರದಿಂದ ನೀರಿಗೆ ಹಾರಬೇಕು. ಕವುಚಿ ಬಿದ್ದ ರಬ್ಬರ್ ತೆಪ್ಪವನ್ನು ಈಜುತ್ತಲೇ ನೆಟ್ಟಗೆ ಮಾಡಬೇಕು. ಬೆಂಕಿ ನಂದಿಸಬೇಕು. ಕೊನೆಗೆ ರೇಡಿಯೋ ಹಿಡಿದು "ನಮ್ಮನ್ನು ಕಾಪಾಡಿ" ಎಂದು ಕ್ರಮಪ್ರಕಾರ ಹೇಳಬೇಕು.

"ಅಡುಗೆಯವರಿಗೆ ರೇಡಿಯೋ ಯಾಕೆ ಭಾವ?" ಎಂದು ನಾನು ಕೇಳಿದ್ದೆ.

"ತೆಪ್ಪದಲ್ಲಿ ಕೊನೆಗೆ ಯಾರಿಗೆ ಪ್ರಜ್ಞೆ ಇರ್ತದೋ ಅವನೇ ಕ್ಯಾಪ್ಟನ್ ಅಂತೆ ಮಾರಾಯ್ತಿ," ಎಂದಿದ್ದರು.

ಈ ಸಲ ಕಂಪೆನಿ ಹೊಸ ಪದ್ಧತಿ ಮಾಡಿತು. ಮುಂದೆ ಒಂದೇ ಹಡಗು ಹತ್ತುವವರನ್ನೆಲ್ಲ ಕೊಚ್ಚಿಯಲ್ಲಿ ಒಟ್ಟು ಸೇರಿಸಿತು. ಫಿಲಿಪ್ಪೀನ್ಸಿನವರು, ಶ್ರೀಲಂಕಾದವರು, ಉಕ್ರೇನಿನ ಒಬ್ಬ ಎಂಜಿನಿಯರ್, ನಮ್ಮ ಭಾವ. ಕಲಿಸಲಿಕ್ಕೆ ನಾರ್ವೆ ದೇಶದ ಒಬ್ಬರು ಹಿರಿಯ ಕ್ಯಾಪ್ಟನ್. ಒಟ್ಟಿಗೆ ಮುಳುಗಬೇಕಾದವರು ಒಟ್ಟಿಗೆ ತೇಲುವುದನ್ನೂ ಕಲಿಯಲಿ ಎಂದು. ಒಳ್ಳೆಯದೇ.

ಭಾವ ಹಾರುವುದರಲ್ಲಿ ಪಾಸು. ತೇಲುವುದರಲ್ಲಿ ಫಸ್ಟ್ ಕ್ಲಾಸು (ಹೊಟ್ಟೆ ಇದ್ದವರಿಗೆ ದೇವರು ಕೊಟ್ಟ ಅನುಕೂಲ). ಬೆಂಕಿಯ ಪಾಠದಲ್ಲಿ ಮಾತ್ರ ಯಾಕೋ ಎರಡು ಸಲ ಹಿಂದೆ ಸರಿದರಂತೆ. ಆಮೇಲೆ ಅದೂ ಆಯಿತು. ಢಮಾರ್ ಆದದ್ದು ರೇಡಿಯೋದಲ್ಲಿ.

ನಡೆದದ್ದು ಹೀಗೆ. ಭಾವ ರೇಡಿಯೋ ಒತ್ತಿದರು. ಪಕ್ಕದ ಕೋಣೆಯಲ್ಲಿ ನಾರ್ವೆ ಕ್ಯಾಪ್ಟನ್ ಕಿವಿಗೊಟ್ಟು ಕೂತಿದ್ದರು.

"ಗುಡ್ ಮಾರ್ನಿಂಗ್ ಸರ್. ಹೌ ಆರ್ ಯು ಸರ್?"

ಆ ಕಡೆ ಕ್ಯಾಪ್ಟನ್ ಗಡಿಯಾರ ನೋಡಿದರಂತೆ.

"ಬ್ರೇಕ್‌ಫಾಸ್ಟ್ ಓವರ್, ಸರ್?"

"ಯಾರು ಮಾತಾಡುವುದು? ನಿಮಗೆ ಏನಾಗಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಕ್ಯಾಪ್ಟನ್.

"ನಥಿಂಗ್ ಸರ್. ಸ್ಮಾಲ್ ಫೈರ್."

"ಸ್ಮಾಲ್?"

"ಲಿಟ್ಲ್ ಬಿಟ್ ಸಿಂಕಿಂಗ್ ಆಲ್ಸೋ."

ಕ್ಯಾಪ್ಟನ್ ಎದ್ದು ಈ ಕೋಣೆಗೆ ಬಂದರಂತೆ. ಬಹಳ ಮರ್ಯಾದೆಯಲ್ಲೇ ಹೇಳಿದರಂತೆ, "ಮಿಸ್ಟರ್ ಗಂಗಾಧರ, ನೀವು ನನ್ನ ತಿಂಡಿ ವಿಚಾರಿಸುವಷ್ಟರಲ್ಲಿ ನಿಮ್ಮ ಹಡಗು ತಳ ಸೇರಿತು. ನನ್ನ ತಿಂಡಿ ಆಗಿದೆ. ಥ್ಯಾಂಕ್ಯೂ."

ಶುಕ್ರವಾರ ಇನ್ನೊಂದು ಅವಕಾಶ. ಅದೂ ಹೋದರೆ ಹಡಗಿಗೆ ಬೇರೆ ಕುಕ್. ಭಾವನಿಗೆ ಐವತ್ತು ದಾಟಿದೆ. ಈ ಪ್ರಾಯದಲ್ಲಿ ಒಂದು ಹಡಗು ಕೈತಪ್ಪಿದರೆ ಕಂಪೆನಿ ಇನ್ನೊಮ್ಮೆ ಕರೆಯುತ್ತದೆಂಬ ಭರವಸೆ ಯಾರಿಗೂ ಇಲ್ಲ. ಹಡಗಿನ ಗ್ಯಾಲಿ, ಅಂದರೆ ಅಡುಗೆಮನೆ, ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಅದಕ್ಕೇ ರೈಲು ಹತ್ತಿ ಸೀದಾ ಊರಿಗೆ ಬಂದು ನನಗೆ ಫೋನ್ ಮಾಡಿದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು.

"ನನ್ನ ಇಂಗ್ಲಿಷ್ ಸ್ವಲ್ಪ ರಿಪೇರಿ ಮಾಡಿ ಕೊಡು," ಎಂದರು.

ನಾನೂ ನಂಬಿದೆ. ಇಂಗ್ಲಿಷೇ ತೊಂದರೆ ಎಂದುಕೊಂಡು ನಾನಿರುವ ಕಾರಡ್ಕದಿಂದ ಬಸ್ಸು ಹತ್ತಿದೆ.

ಅಭ್ಯಾಸಕ್ಕೆ ಬಾತ್‌ರೂಮನ್ನು ಆರಿಸಿದ್ದು ಭಾವನೇ. ತೆಪ್ಪದ ಒಳಗೂ ಹಾಗೇ ಮುಚ್ಚಿದ ಹಾಗೆ ಇರುತ್ತದಂತೆ, ಮಾತು ಹಾಗೇ ಮೊಳಗುತ್ತದಂತೆ. ವಾಕಿಟಾಕಿ ಕೊಟ್ಟದ್ದು ಜಂಕ್ಷನ್ನಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ಮೊಯ್ದೀನಿಚ್ಚ. ಮಕ್ಕಳ ಆಟದ್ದು. ಮಾತಾಡುವಾಗ ಕೆಂಪು ಹಸಿರು ಲೈಟು ಹೊತ್ತಿಕೊಂಡು, ಮಾತು ನಿಲ್ಲಿಸಿದರೆ ಕೋಳಿಯ ಹಾಗೆ ಕೂಗುತ್ತದೆ.

ನಾನು ಇಂಟರ್ನೆಟ್ಟಿನಲ್ಲಿ ಹುಡುಕಿ ಪಾಠ ತಯಾರು ಮಾಡಿದ್ದೆ. ಪ್ರಾಣಕ್ಕೆ ಬಂದಾಗ ಮೂರು ಸಲ "ಮೇಡೇ" ಅನ್ನಬೇಕು. ಅದು ಫ್ರೆಂಚಿನಲ್ಲಿ "ನನಗೆ ಸಹಾಯ ಮಾಡಿ" ಎನ್ನುವುದರಿಂದ ಬಂದದ್ದಂತೆ. ಆಮೇಲೆ ಹಡಗಿನ ಹೆಸರು. ಎಲ್ಲಿದ್ದೇವೆ. ಏನಾಗಿದೆ. ಎಂಥ ಸಹಾಯ ಬೇಕು. ಎಷ್ಟು ಜನ. ಅಷ್ಟೇ. ನಮಸ್ಕಾರ ಇಲ್ಲ, ಊಟ ಇಲ್ಲ, "ಮತ್ತೆಂತ ವಿಶೇಷ" ಇಲ್ಲ.

ಇನ್ನೊಂದು ಚಂದ ನೋಡಿ. ಹಡಗು ಮುಳುಗುತ್ತಿದ್ದರೆ "ಹಡಗು ಮುಳುಗುತ್ತಿದೆ" ಎನ್ನುವ ಹಾಗಿಲ್ಲ. "ನಾನು ಮುಳುಗುತ್ತಿದ್ದೇನೆ" ಎನ್ನಬೇಕು. ಹಡಗಿಗೆ ಬೆಂಕಿ ಬಿದ್ದರೆ, "ನಾನು ಉರಿಯುತ್ತಿದ್ದೇನೆ". ಮಾತಾಡುವವನೂ ಹಡಗೂ ಬೇರೆ ಬೇರೆ ಅಲ್ಲ. ಇದನ್ನು ಹೇಳಬೇಕಾದವರು ಯಾರು? ಮನೆಯಿಂದ ಹೊರಡುವಾಗ "ಹೋಗ್ತೇನೆ" ಅಂದರೂ ಬೈಸಿಕೊಳ್ಳುವ, "ಹೋಗಿ ಬರ್ತೇನೆ" ಎಂದೇ ಹೇಳಿ ಮೆಟ್ಟಿಲಿಳಿಯುವ ನಮ್ಮ ಗಂಗಾಧರ ಭಾವ! ಅತ್ತೆ (ಭಾವನ ಅಮ್ಮನನ್ನು ನಾನೂ ಅತ್ತೆ ಅಂತಲೇ ಕರೆಯುವುದು) ಅಡುಗೆಮನೆಯಲ್ಲಿ ಕಾವಲು ಕೂತದ್ದು ಸುಮ್ಮನೆ ಅಲ್ಲ.

ಐದಾರು ಸಲ ಆಯಿತು. ಪ್ರತಿಸಲ "ಗುಡ್ ಮಾರ್ನಿಂಗ್" ಬಂತು. ಪ್ರತಿಸಲ "ಸ್ಮಾಲ್" ಬಂತು. ಇಂಗ್ಲಿಷಿನಲ್ಲಿ ಒಂದು ತಪ್ಪೂ ಇಲ್ಲ ಮಾರಾಯ್ರೆ. ನನ್ನ ಒಂಬತ್ತನೇ ಕ್ಲಾಸಿನವರಿಗಿಂತ ಚೆನ್ನಾಗಿ ಮಾತಾಡುತ್ತಾರೆ. ತೊಂದರೆ ಇಂಗ್ಲಿಷಿನದ್ದು ಅಲ್ಲ, ಕಷ್ಟ ಹೇಳಲಿಕ್ಕೆ ನಾಚಿಕೆ.

ವಾಕಿಟಾಕಿ ಕೆಲಸ ಮಾಡುತ್ತದಾ ಎಂದು ನೋಡಲಿಕ್ಕೆ ಮೊಯ್ದೀನಿಚ್ಚ ಅಷ್ಟು ಹೊತ್ತಿಗೆ ಬಂದರು. ವಿಷಯ ಕೇಳಿ ನಕ್ಕರು. ಮೂವತ್ತು ವರ್ಷ ದುಬಾಯಿಯಲ್ಲಿದ್ದವರು.

"ಟೀಚರೇ, ನಮ್ಮ ಫೋನಿನ ಭಾಷೆ ಬೇರೆ," ಎಂದರು. "ಊರಿನಿಂದ ಫೋನ್ ಬಂದು 'ಎಂತ ಇಲ್ಲ' ಅಂದರೆ ಏನೋ ಆಗಿದೆ ಅಂತ ಅರ್ಥ. 'ಸ್ವಲ್ಪ ಹುಷಾರಿಲ್ಲ' ಅಂದರೆ ಆಸ್ಪತ್ರೆಯಲ್ಲಿದ್ದಾರೆ. 'ಸ್ವಲ್ಪ ಸೀರಿಯಸ್, ಒಮ್ಮೆ ಬಂದು ಹೋಗು' ಅಂದರೆ ಮುಗೀತು. ನನ್ನ ಬಾಪನ ವಿಷಯದಲ್ಲಿ ಮನೆಯವರು 'ಸ್ವಲ್ಪ ಸೀರಿಯಸ್' ಅಂದದ್ದು. ನಾನು ರೂಮಿನಲ್ಲಿ ಫೋನ್ ಇಟ್ಟು ಅತ್ತುಬಿಟ್ಟೆ. ಟಿಕೆಟ್ ಮಾಡಿದ್ದು ಆಮೇಲೆ."

ಸಮುದ್ರದಲ್ಲೂ ಹೀಗೆ ಮೂರು ದರ್ಜೆ ಉಂಟು. ಪ್ರಾಣಕ್ಕೆ ಬಂದರೆ ಮೇಡೇ. ತುರ್ತು ಆದರೆ "ಪ್ಯಾನ್ ಪ್ಯಾನ್". ಬರೀ ಎಚ್ಚರಿಕೆಗೆ ಇನ್ನೊಂದು. ವ್ಯತ್ಯಾಸ ಇಷ್ಟೇ: ಹಡಗಿನವರು ಇದ್ದದ್ದನ್ನು ಇದ್ದ ಹಾಗೆ ಹೇಳಲಿಕ್ಕೆ ಮೂರು ದರ್ಜೆ ಮಾಡಿಕೊಂಡರು, ನಾವು ಇದ್ದದ್ದನ್ನು ಒಂದೊಂದು ಮೆಟ್ಟಿಲು ಕೆಳಗಿಳಿಸಲಿಕ್ಕೆ ಮಾಡಿಕೊಂಡೆವು. ತುಳುವಿನಲ್ಲಿ "ದಾಲ ಇಜ್ಜಿ". ಮಲಯಾಳದಲ್ಲಿ "ಒನ್ನುಮಿಲ್ಲ". ಕನ್ನಡದಲ್ಲಿ "ಎಂತ ಇಲ್ಲ". ಕಾಸರಗೋಡು ಸಪ್ತಭಾಷೆಗಳ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ? ಭಾಷೆ ಏಳು, ಸುಳ್ಳು ಒಂದೇ.

ನಮ್ಮನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಭಾವ ಫೇಲಾದ ದಿನ ಊಟದ ಹೊತ್ತಿಗೆ ಎಲ್ಲರೂ ಅವರವರ ಕಥೆ ಹೇಳಿಕೊಂಡರಂತೆ. ಫಿಲಿಪ್ಪೀನ್ಸಿನ ಡ್ಯಾನಿಲೋಗೆ ಹೆದರಿಕೆಯಾದರೆ ನಗು ಬರುತ್ತದೆ. ಮೊದಲನೇ ಸಲ ಟ್ರೈನಿಂಗಿನಲ್ಲಿ ನಗುತ್ತಾ ಮೇಡೇ ಅಂದು, ತಮಾಷೆ ಮಾಡ್ತಾನೆ ಎಂದು ಬೈಸಿಕೊಂಡಿದ್ದ. ಶ್ರೀಲಂಕಾದವನು ಪ್ರತಿ ವಾಕ್ಯಕ್ಕೆ ಮೊದಲು "ಸಾರಿ" ಹಾಕುತ್ತಾನೆ. ಕೊನೆಗೆ ನಾರ್ವೆ ಕ್ಯಾಪ್ಟನೂ ಬಾಯಿಬಿಟ್ಟರು. ಅವರ ಅಪ್ಪ ಮೀನು ಹಿಡಿಯುವವರು. ಒಂದು ದಿನ ಕೈ ಮುರಿದುಕೊಂಡು ಮನೆಗೆ ಬಂದು, ಇನ್ನೊಂದು ಕೈಯಲ್ಲಿ ಊಟ ಮಾಡಿ, "ಇವತ್ತು ಗಾಳಿ ಜಾಸ್ತಿ" ಎಂದಷ್ಟೇ ಹೇಳಿ ಮಲಗಿದರಂತೆ.

ಅಂದರೆ ಕಾಯಿಲೆ ಸೀತಾಂಗೋಳಿಯದ್ದು ಮಾತ್ರ ಅಲ್ಲ! ಯೋಚಿಸಿ ನೋಡಿ. ವೀಸಾಕ್ಕೆ ಜಗಳ, ವ್ಯಾಪಾರಕ್ಕೆ ಜಗಳ, ನೀರಿನ ಮೇಲೆ ಗೆರೆ ಎಳೆದು ಅದಕ್ಕೂ ಜಗಳ. ಇಂಥ ದೇಶಗಳೆಲ್ಲ ಒಟ್ಟಿಗೆ ಕೂತು, ಮುಳುಗುವವನು ಆಡಬೇಕಾದ ನಾಲ್ಕು ಮಾತುಗಳ ವಿಷಯದಲ್ಲಿ ಮಾತ್ರ ರಾಜಿ ಆಗಿಬಿಟ್ಟಿವೆ. ಮುಳುಗುವವನ ಧ್ವಜ ಯಾವುದು ಎಂದು ಹತ್ತಿರದ ಹಡಗು ಕೇಳಬಾರದು. ಮುಳುಗುವವನೂ ನಾಚಿಕೊಳ್ಳಬಾರದು. ಮನುಷ್ಯರ ಮೇಲೆ ನನಗೆ ಸ್ವಲ್ಪ ಗೌರವ ಹುಟ್ಟಿದ್ದು ಆ ಬಾತ್‌ರೂಮಿನ ಬಾಗಿಲಲ್ಲಿ.

ಗೌರವ ಹುಟ್ಟಿ ಐದು ನಿಮಿಷ ಆಗಿರಲಿಲ್ಲ, ಅಕ್ಕ ಬಂದಳು. ಅಕ್ಕಿ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೈಯಿಂದ ವಾಕಿಟಾಕಿ ಕಸಿದಳು.

"ನಿನ್ನಿಂದ ಆಗುವುದಿಲ್ಲ. ನೀನು ಅವರು ಹೇಳಿದ್ದಕ್ಕೆಲ್ಲ ನಗ್ತಿ. ಆಚೆ ನಿಲ್ಲು."

ಒತ್ತಿದಳು. ಲೈಟು ಹೊತ್ತಿತು.

"ಹೇಳಿ. ಎಂತ ಆಗಿದೆ? ಓವರ್."

ಹೆಂಡತಿಯ ಸ್ವರ ಕೇಳಿ ಭಾವನಿಗೆ ಇಂಗ್ಲಿಷ್ ಮರೆತೇಹೋಯಿತು. "ಎಂತ ಇಲ್ಲ," ಎಂದರು.

"ಎಂತ ಇಲ್ಲದಿದ್ದರೆ ಕರೆದದ್ದು ಯಾಕೆ? ನನಗೆ ಕೆಲಸ ಇಲ್ಲವಾ? ಓವರ್."

ಮೊಯ್ದೀನಿಚ್ಚ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಅದು... ಸ್ವಲ್ಪ ಹೊಗೆ," ಎಂದರು ಭಾವ.

ವಾಕಿಟಾಕಿಯ ಕೋಳಿ ಕೂಗಿತು. ಅಕ್ಕ ಮತ್ತೆ ಒತ್ತಿದಳು. ಈ ಸಲ ಸ್ವರ ಬೇರೆ.

"ಹೋದ ವರ್ಷ ಫೋನಿನಲ್ಲಿ ಹೇಳಿದ್ದಿರಲ್ಲ, ಅಂಥ ಸ್ವಲ್ಪ ಹೊಗೆಯಾ?"

ಒಳಗೆ ನಲ್ಲಿಯ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಹೋದ ವರ್ಷ ಭಾವ ನಡುವಿನಲ್ಲೇ ಊರಿಗೆ ಬಂದಿದ್ದರು. ಹಡಗಿನಲ್ಲಿ ಸ್ವಲ್ಪ ಹೊಗೆ, ಎಂಜಿನ್ ರಿಪೇರಿ, ಅದಕ್ಕೆ ರಜೆ ಕೊಟ್ಟರು ಎಂದಿದ್ದರು. ನಾವು ನಂಬಿದ್ದೆವು. ಬರುವಾಗ ಚಾಕ್ಲೇಟ್ ತಂದಿರಲಿಲ್ಲ ಎಂದು ತಮಾಷೆ ಕೂಡ ಮಾಡಿದ್ದೆವು.

"ಏನಾಗಿದೆ, ಕ್ರಮಪ್ರಕಾರ ಹೇಳಿ," ಎಂದಳು ಅಕ್ಕ. "ಓವರ್."

ಭಾವ ಹೇಳಿದರು. ಬಾಗಿಲು ಮುಚ್ಚಿಯೇ ಇತ್ತು. ಎದುರಿಗೆ ಮುಖ ಇಲ್ಲದ್ದಕ್ಕೇ ಹೇಳಿದರೋ ಏನೋ. ಹೊಗೆ ಅಲ್ಲ, ಬೆಂಕಿ. ಎಂಜಿನ್ ರೂಮಿನಿಂದ ಎದ್ದದ್ದು ಗ್ಯಾಲಿಯ ಬಾಗಿಲಿನ ತನಕ ಬಂತು. ಹಡಗು ಬಿಡಿ ಎಂದು ಕ್ಯಾಪ್ಟನ್ ಹೇಳಿದರು. ಎಲ್ಲರೂ ಲೈಫ್‌ಬೋಟಿನಲ್ಲಿ ಒತ್ತಿಕೊಂಡು ಕೂತರು. ದೊಡ್ಡ ದೊಡ್ಡ ತೆರೆ. ಪಕ್ಕದಲ್ಲಿ ಕೂತವನು ಇಡೀ ಮಧ್ಯಾಹ್ನ ಇವರ ತೋಳು ಬಿಡಲಿಲ್ಲ. ಕೊನೆಗೆ ಗ್ರೀಸ್ ದೇಶದ ಒಂದು ಹಡಗು ದಾರಿ ಬಿಟ್ಟು ಬಂದು ಎತ್ತಿಕೊಂಡಿತು.

"ಎಷ್ಟು ಜನ ಇದ್ದಿರಿ?"

"ಇಪ್ಪತ್ತೆರಡು."

"ಎಲ್ಲ ಬದುಕಿದ್ದಾರಾ?"

"ಎಲ್ಲ ಇದ್ದಾರೆ. ಗ್ರೀಸಿನ ಕುಕ್ ಎಲ್ಲರಿಗೂ ಸೂಪು ಕೊಟ್ಟ." ಮತ್ತೊಮ್ಮೆ ಒತ್ತಿ, "ಉಪ್ಪು ಕಮ್ಮಿ ಇತ್ತು," ಎಂದರು.

ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಎರಡೂ ಮಾಡಿದೆ. ನನಗೆ ಭಾವನ ಮೇಲೆ ಕೋಪ ಬಂದಿತ್ತು, ಹೇಳಿಬಿಡುತ್ತೇನೆ. ಒಂದು ವರ್ಷ ಆ ಬೋಟನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಈ ಮನುಷ್ಯ ನಮ್ಮೊಟ್ಟಿಗೆ ಕೂತು ಬಂಗುಡೆ ಮೀನಿನ ಪುಳಿಮುಂಚಿ ಹೊಡೆದಿದ್ದಾರೆ, ಮದುವೆಗಳಿಗೆ ಹೋಗಿದ್ದಾರೆ, "ಹಡಗಿನಲ್ಲಿ ಎಂತ ಭಾವ, ಬರೀ ಆರಾಮ" ಎಂದು ನಾನು ಛೇಡಿಸಿದ್ದಕ್ಕೆ "ಹೌದೌದು" ಎಂದಿದ್ದಾರೆ!

"ಎಂತ ಸಹಾಯ ಬೇಕು?" ಎಂದು ಕೇಳಿದಳು ಅಕ್ಕ. ಅದು ಕ್ರಮದಲ್ಲಿ ಉಂಟಲ್ಲ.

ಬಾಗಿಲು ತೆಗೆದು ಭಾವ ಹೊರಗೆ ಬಂದರು. ಮುಖ ತೊಳೆದುಕೊಂಡಿದ್ದರು. ಅಕ್ಕನ ಕಣ್ಣೂ ಒದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದು ಇಬ್ಬರ ಮುಖ ನೋಡಿ, "ಎಂತ ಆಯ್ತು?" ಎಂದು ಕೇಳಿದರು.

"ಎಂತ ಇಲ್ಲ ಅಮ್ಮ," ಎಂದರು ಗಂಡ ಹೆಂಡತಿ, ಒಂದೇ ಉಸಿರಿನಲ್ಲಿ.

ಇದಕ್ಕೆ ಯಾವ ದೇಶದ ಟ್ರೈನಿಂಗ್ ಸಾಕಾಗುತ್ತದೆ?

ಆ ದಿನ ಅಕ್ಕ ಗಂಡನ ಹತ್ತಿರ ಮಾತಾಡಲಿಲ್ಲ. ಸೋಮವಾರ ಬೆಳಗ್ಗೆ ಮಾತಾಡಿದಳು, ವಾಕಿಟಾಕಿಯಲ್ಲಿ. ಹಡಗು ಹತ್ತುವುದಾ ಬೇಡವಾ ಎನ್ನುವುದು ಆಮೇಲಿನ ಪ್ರಶ್ನೆ, ಮೊದಲು ಪಾಸಾಗಿ ಬನ್ನಿ ಎಂದಳಂತೆ. ಬೇಡ ಅನ್ನುವುದಾದರೂ ಪಾಸಾದವನು ಅನ್ನಬೇಕು, ಫೇಲಾದವನು ಅಂದರೆ ಅದಕ್ಕೆ ಬೆಲೆ ಇಲ್ಲ ಎಂದೂ ಹೇಳಿದಳಂತೆ. ಮತ್ತೆ ಮೂರು ದಿನ ಸೀತಾಂಗೋಳಿಯ ಬಾತ್‌ರೂಮ್ ಹೊತ್ತಿಗೊಮ್ಮೆ ಮುಳುಗಿತು. "ಗುಡ್ ಮಾರ್ನಿಂಗ್" ಅಂದರೆ ಅಕ್ಕ ಲೈನ್ ಕಟ್ ಮಾಡುತ್ತಿದ್ದಳು. "ಸ್ಮಾಲ್" ಅಂದರೆ ಮಧ್ಯಾಹ್ನದ ಊಟಕ್ಕೆ ಮೀನಿನ ತುಂಡೂ ಸ್ಮಾಲ್. ಅತ್ತೆಯನ್ನು ಮಾತ್ರ ತಡೆಯಲಿಕ್ಕೆ ಆಗಲಿಲ್ಲ. ಅವರು "ಬಿಡ್ತು" ಅನ್ನುವುದನ್ನು ಮಗನ ಬದಲಿಗೆ ತಾವೇ ಅನ್ನುವುದು ಎಂದು ಒಪ್ಪಂದ ಆಯಿತು. (ಇದೂ ಒಂದು ಅಂತಾರಾಷ್ಟ್ರೀಯ ಒಪ್ಪಂದವೇ. ಅತ್ತೆ ಬೇರೆಯೇ ಒಂದು ದೇಶ.)

ಶುಕ್ರವಾರ ಶಾಲೆ ಬಿಟ್ಟು ನಾನು ಸೀದಾ ಅಕ್ಕನಲ್ಲಿಗೆ ಹೋದೆ. ಫೋನ್ ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು.

"ವನಜ, ನಾನು ಗಂಗಾಧರ," ಎಂದರು ಭಾವ. "ಎರ್ನಾಕುಳಂ ಸ್ಟೇಷನಿನಲ್ಲಿ ಇದ್ದೇನೆ. ಪಾಸಾಯ್ತು."

ನಾನು ಕುಣಿದೆ. ಕ್ಯಾಪ್ಟನ್ ಬೆನ್ನು ತಟ್ಟಿದರಂತೆ. ಎಲ್ಲ ಸರಿ ಹೇಳಿ, ಕೊನೆಗೆ "ಓವರ್" ಅನ್ನುವ ಬದಲು "ಇಡ್ತೇನೆ ಆಯ್ತಾ" ಅಂದದ್ದೊಂದೇ ತಪ್ಪಂತೆ. ಅದು ನಾರ್ವೆಯವರಿಗೆ ಅರ್ಥ ಆಗದ ಕಾರಣ ಬಚಾವ್.

ಅಲ್ಲಿಗೆ ಇಡುತ್ತಾರೆ ಎಂದುಕೊಂಡೆವು. ಇಡಲಿಲ್ಲ. ಸ್ಟೇಷನಿನ ಗದ್ದಲದ ನಡುವೆ ಅವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು.

"ವನಜ, ನನಗೆ ಹಡಗು ಹತ್ತಲಿಕ್ಕೆ ಹೆದರಿಕೆ ಆಗ್ತಾ ಉಂಟು."

ಸ್ವಲ್ಪ ಅನ್ನಲಿಲ್ಲ. ಸಣ್ಣ ಅನ್ನಲಿಲ್ಲ. ನಾನು ಸ್ಪೀಕರ್ ಆಫ್ ಮಾಡಲಿಕ್ಕೆ ಕೈ ಚಾಚಿದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

"ಕೇಳಿತು," ಎಂದಳು. "ಎಂತ ಸಹಾಯ ಬೇಕು?"

"ಗೊತ್ತಿಲ್ಲ. ನಿನಗೆ ಹೇಳಬೇಕು ಅಂತ ಆಯ್ತು."

"ನನಗೂ ಹೆದರಿಕೆ ಉಂಟು. ಬನ್ನಿ ಮನೆಗೆ. ಕೂತು ಮಾತಾಡುವ."

ಕೂತು ಮಾತಾಡಿದರು. ಎರಡು ದಿನ ಮಾತಾಡಿದರು. ಅತ್ತೆಯನ್ನೂ ಕೂರಿಸಿ ಹೇಳಿದರು. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೋದ ವರ್ಷ ಇವ ಅಷ್ಟು ಸಪ್ಪೆ ಸಾರು ಮಾಡುವಾಗಲೇ ನನಗೆ ಸಂಶಯ ಇತ್ತು," ಎಂದರಂತೆ. ಭಾವ ಹಡಗು ಹತ್ತುತ್ತಾರೆ, ಮುಂದಿನ ವಾರ. ಕೆಲಸ ಬೇಕು ಎಂದು ಮಾತ್ರ ಅಲ್ಲ, ಬೋಟಿನಲ್ಲಿ ತೋಳು ಹಿಡಿದು ಕೂತಿದ್ದವನು ಆ ಡ್ಯಾನಿಲೋನೇ ಅಂತೆ, ಅವನೂ ಅದೇ ಹಡಗಿಗೆ ಬರುತ್ತಾನೆ. ಅವನಿಗೂ ಹೆದರಿಕೆ ಇರಬೇಕು, ನಗುತ್ತಿದ್ದನಂತೆ. ಅಕ್ಕ ಹೆದರಿಕೊಂಡೇ ಚೀಲ ತುಂಬಿಸುತ್ತಿದ್ದಾಳೆ. ಭಾವ ಹೆದರಿಕೊಂಡೇ ಉಪ್ಪಿನಕಾಯಿ ಬಾಟಲಿಗೆ ಟೇಪು ಸುತ್ತುತ್ತಿದ್ದಾರೆ.

"ಮೇಡೇ" ಎಂದು ಮೂರು ಸಲ ಹೇಳಬೇಕೆನ್ನುವುದಕ್ಕೆ ಇಡೀ ಪ್ರಪಂಚ ಒಪ್ಪಿಕೊಂಡಾಗಿದೆ. ನಮ್ಮ ಗಂಡಸರ ಬಾಯಿಂದ "ಹೆದರಿಕೆ ಆಗ್ತಾ ಉಂಟು" ಎಂದು ಒಂದೇ ಒಂದು ಸಲ ಹೊರಡಿಸಲಿಕ್ಕೆ ಇನ್ನೆಷ್ಟು ದೇಶಗಳು ಒಟ್ಟು ಸೇರಬೇಕು?